ಗೋಧಿ, ಬೆಣ್ಣೆ, ದನ ಎಲ್ಲವೂ ಇದ್ದ ಐರ್ಲೆಂಡಿನಲ್ಲಿ ಜನ ಹಸಿವಿನಿಂದ ಸತ್ತದ್ದು ಹೇಗೆ?

ಪ್ರಶ್ನೆ: ಚಿಂತಾಮಣಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಯುರೋಪಿನಿಂದ ಅಮೆರಿಕಕ್ಕೆ ಜನ ವಲಸೆ ಹೋದ ಕಾಲದ ಬಗ್ಗೆ ಹೇಳುತ್ತಿದ್ದಾಗ 1845ರಿಂದ 1852ರವರೆಗೆ ಐರ್ಲೆಂಡನ್ನು ಕಾಡಿದ ಮಹಾಕ್ಷಾಮದ ಮಾತು ಬಂತು. ಆಲೂಗೆಡ್ಡೆಗೆ ರೋಗ ತಗುಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತಲೂ ಹೆಚ್ಚು ಜನ ದೇಶ ಬಿಟ್ಟರು ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುವಷ್ಟರಲ್ಲಿ, ಆಲೂಗೆಡ್ಡೆ ಬೆಳೆಯುವ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, “ನಮ್ಮ ಹೊಲದಲ್ಲೂ ಗೆಡ್ಡೆ ಕೊಳೆಯುತ್ತೆ ಸಾರ್, ಆಗ ಸಾಲ ಆಗುತ್ತೆ, ಆದರೆ ಊಟಕ್ಕೆ ತೊಂದರೆ ಆಗಲ್ಲ. ಅವರ ಮನೆಯಲ್ಲಿ ಬೇರೆ ಏನೂ ಇರಲಿಲ್ವಾ?” ಎಂದು ಕೇಳಿದಳು.

ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ನಮ್ಮ ಕಡೆ ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹಾಕುವುದು ಹಿಂದಿನಿಂದಲೂ ಇದೆ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂಬುದೇ ಅದರ ಉದ್ದೇಶ. ಮಳೆ ಸಮೃದ್ಧವಾಗಿರುವ, ಹಸಿರು ಹುಲ್ಲುಗಾವಲುಗಳಿರುವ, ಸುತ್ತಲೂ ಸಮುದ್ರವಿರುವ ಒಂದು ದೇಶದಲ್ಲಿ ಲಕ್ಷಾಂತರ ಜನ ಒಂದೇ ಬೆಳೆಯನ್ನು ನಂಬಿ ಬದುಕುವ ಸ್ಥಿತಿ ಏಕೆ ಬಂತು? ಆ ಜನರ ದಿನನಿತ್ಯದ ಬದುಕು, ಮನೆ, ಊಟ, ದುಡಿಮೆ ಹೇಗಿದ್ದವು? ಬಲ್ಲವರು ಸ್ವಲ್ಪ ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ತುಮಕೂರು ಹಳೆಯ ಓದುಗ

ಮೇಷ್ಟ್ರೇ, ಆ ಹುಡುಗಿಗೆ ನೇರವಾಗಿ ಹೇಳಬಹುದಾದ ಉತ್ತರ ಇಷ್ಟು: ಅವರ ಮನೆಯಲ್ಲಿ ಬೇರೆ ಏನೂ ಇರಲಿಲ್ಲ, ಆದರೆ ಅವರು ದುಡಿಯುತ್ತಿದ್ದ ಹೊಲಗಳಲ್ಲಿ ಇತ್ತು. ಓಟ್ಸ್, ಗೋಧಿ, ಬಾರ್ಲಿ, ಬೆಣ್ಣೆ, ಹಂದಿ, ದನ ಎಲ್ಲವನ್ನೂ ಆ ಜನರೇ ಬೆಳೆಸುತ್ತಿದ್ದರು. ಅವೆಲ್ಲ ಗೇಣಿ ತೀರಿಸುವುದಕ್ಕೆ ಹೋಗುತ್ತಿದ್ದವು. ಗೇಣಿಗೆ ಕೊಡದೆ ಉಳಿಯುತ್ತಿದ್ದದ್ದು ಆಲೂಗೆಡ್ಡೆ ಮಾತ್ರ.

ಇದರ ಬೇರು ಭೂಮಿಯ ಒಡೆತನದಲ್ಲಿದೆ. ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಇಂಗ್ಲಿಷ್ ಆಡಳಿತ ಐರ್ಲೆಂಡಿನ ಬಹುಪಾಲು ಜಮೀನನ್ನು ಮುಟ್ಟುಗೋಲು ಹಾಕಿಕೊಂಡು ತನ್ನ ಕಡೆಯವರಿಗೆ ಹಂಚಿತು. ಆಮೇಲೆ ಬಂದ ದಂಡನೆಯ ಕಾನೂನುಗಳು ದೇಶದಲ್ಲಿ ಬಹುಸಂಖ್ಯಾತರಾಗಿದ್ದ ಕ್ಯಾಥೊಲಿಕರು ಜಮೀನು ಕೊಳ್ಳದಂತೆ, 31 ವರ್ಷಕ್ಕಿಂತ ದೀರ್ಘವಾದ ಗುತ್ತಿಗೆ ಪಡೆಯದಂತೆ ತಡೆದವು. ಆ ಕಾನೂನುಗಳು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಸಡಿಲಗೊಂಡರೂ ಅಷ್ಟರಲ್ಲಿ ಭೂಮಿ ಕೈತಪ್ಪಿ ಹೋಗಿತ್ತು. ಜಮೀನ್ದಾರರಲ್ಲಿ ಅನೇಕರು ಇಂಗ್ಲೆಂಡಿನಲ್ಲೇ ಇರುತ್ತಿದ್ದರು; ಅವರ ಕೆಳಗೆ ದೊಡ್ಡ ಗುತ್ತಿಗೆದಾರ, ಅವನ ಕೆಳಗೆ ಸಣ್ಣ ಗೇಣಿದಾರ, ಎಲ್ಲರಿಗಿಂತ ಕೆಳಗೆ ಕಾಟಿಯರ್ ಎಂದು ಕರೆಯಲಾಗುತ್ತಿದ್ದ ಕೂಲಿಕಾರ. ಈ ಕಾಟಿಯರನಿಗೆ ಸಿಗುತ್ತಿದ್ದದ್ದು ಒಂದು ಗುಡಿಸಲು ಮತ್ತು ಒಂದು ತುಂಡು ನೆಲ. ಅದರ ಗೇಣಿಯನ್ನು ಅವನು ಬಹುಮಟ್ಟಿಗೆ ಹಣದಲ್ಲಿ ಕೊಡುತ್ತಿರಲಿಲ್ಲ, ರೈತನ ಹೊಲದಲ್ಲಿ ದುಡಿದು ತೀರಿಸುತ್ತಿದ್ದ. ಅಷ್ಟೂ ನೆಲವಿಲ್ಲದವರು ಒಂದು ಬೆಳೆಯ ಅವಧಿಗೆ ಮಾತ್ರ ಹೊಲವನ್ನು ಬಾಡಿಗೆಗೆ ಹಿಡಿಯುತ್ತಿದ್ದರು.

ಇಷ್ಟು ಕಡಿಮೆ ನೆಲದಲ್ಲಿ ಒಂದು ಸಂಸಾರವನ್ನು ವರ್ಷವಿಡೀ ಸಾಕಬಲ್ಲ ಬೆಳೆ ಅಲ್ಲಿ ಬೇರೆ ಇರಲಿಲ್ಲ. ಸುಮಾರು ಒಂದು ಎಕರೆ ಆಲೂಗೆಡ್ಡೆ ಇದ್ದರೆ ಒಂದು ಕುಟುಂಬದ ಹೊಟ್ಟೆ ತುಂಬುತ್ತಿತ್ತು. ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೋ ಗೆಡ್ಡೆ ತಿನ್ನುತ್ತಿದ್ದನೆಂಬ ದಾಖಲೆಗಳಿವೆ. ಇಂದು ನಂಬುವುದು ಕಷ್ಟವಾದರೂ, ಬೇರೆ ಯಾವ ಆಹಾರವೂ ಇಲ್ಲದಿದ್ದಾಗ ಅಷ್ಟು ಬೇಕಾಗುತ್ತದೆ. ಕಬ್ಬಿಣದ ಒಂದೇ ಪಾತ್ರೆಯಲ್ಲಿ ಸಿಪ್ಪೆಸಹಿತ ಬೇಯಿಸಿ, ನೀರು ಬಸಿದು, ಬುಟ್ಟಿಗೆ ಸುರಿದು, ಎಲ್ಲರೂ ಸುತ್ತ ಕುಳಿತು ಉಪ್ಪು ಮತ್ತು ಮಜ್ಜಿಗೆಯೊಂದಿಗೆ ತಿನ್ನುತ್ತಿದ್ದರು. ಕರಾವಳಿಯ ಸಮೀಪದವರಿಗೆ ಆಗಾಗ ಒಂದು ಹೆರಿಂಗ್ ಮೀನು ಸಿಗುತ್ತಿತ್ತು. ಈ ಊಟವನ್ನು ಕೀಳಾಗಿ ಕಾಣಬೇಕಾಗಿಲ್ಲ. ಆಲೂಗೆಡ್ಡೆ ಮತ್ತು ಮಜ್ಜಿಗೆ ಸೇರಿದರೆ ದೇಹಕ್ಕೆ ಬೇಕಾದದ್ದು ಬಹುತೇಕ ದೊರೆಯುತ್ತದೆ. ಐರ್ಲೆಂಡಿನ ಬಡವರು ಗಟ್ಟಿಮುಟ್ಟಾಗಿದ್ದಾರೆಂದು ಅಂದಿನ ಪ್ರವಾಸಿಗರು ಬರೆದಿದ್ದಾರೆ.

ಆದರೆ ಮನೆಗಳ ಸ್ಥಿತಿ ದಾರುಣವಾಗಿತ್ತು. 1841ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 81.75 ಲಕ್ಷ, ಅಂದಿನ ಮನೆಗಳಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಒಂದೇ ಕೋಣೆಯ ಮಣ್ಣಿನ ಗುಡಿಸಲುಗಳು. ಎಷ್ಟೋ ಗುಡಿಸಲುಗಳಿಗೆ ಕಿಟಕಿ, ಹೊಗೆಗೂಡು ಎರಡೂ ಇರಲಿಲ್ಲ, ಹೊಗೆ ಬಾಗಿಲಿನಿಂದಲೇ ಹೊರಗೆ ಹೋಗಬೇಕಾಗಿತ್ತು. ಮಲಗುವುದಕ್ಕೆ ಹುಲ್ಲು, ಕೂರುವುದಕ್ಕೆ ಒಂದೆರಡು ಮಣೆ. ಹಂದಿಯೂ ಅದೇ ಕೋಣೆಯಲ್ಲಿ ಮಲಗುತ್ತಿತ್ತು, ಏಕೆಂದರೆ ಗೇಣಿಯ ಹಣ ಹುಟ್ಟುತ್ತಿದ್ದದ್ದು ಆ ಹಂದಿಯಿಂದ. ಅದಕ್ಕೂ ಆಲೂಗೆಡ್ಡೆಯೇ ಮೇವು. ಉರುವಲಿಗೆ ಮಾತ್ರ ಅಷ್ಟಾಗಿ ಕೊರತೆ ಇರಲಿಲ್ಲ: ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಸೇರಿಕೊಂಡ ಪೀಟ್ ಎಂಬ ಸಸ್ಯಪದರವನ್ನು ಇಟ್ಟಿಗೆಗಳಂತೆ ಕತ್ತರಿಸಿ, ಬೇಸಿಗೆಯಲ್ಲಿ ಒಣಗಿಸಿ ಒಲೆಗೆ ಹಾಕುತ್ತಿದ್ದರು.

ಕ್ಷಾಮಕ್ಕೆ ಮೊದಲೂ ಅವರು ವರ್ಷಪೂರ್ತಿ ಉಂಡವರಲ್ಲ ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ. ಆಲೂಗೆಡ್ಡೆಯನ್ನು ರಾಗಿಯಂತೆ ಹಗೇವಿನಲ್ಲಿ ವರ್ಷಗಟ್ಟಲೆ ಇಡಲಾಗುವುದಿಲ್ಲ. ಹಳೆಯ ಗೆಡ್ಡೆ ಮುಗಿದು ಹೊಸದು ಬರುವ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟಿನವರೆಗೆ, ಪ್ರತಿ ವರ್ಷವೂ ಹಸಿವಿನ ತಿಂಗಳುಗಳು. ಆಗ ಗಂಡಸರು ಕೊಯ್ಲಿನ ಕೂಲಿಗಾಗಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗೆ ಹಡಗು ಹತ್ತುತ್ತಿದ್ದರು. ಹೆಂಗಸರು ಮಕ್ಕಳನ್ನು ಕರೆದುಕೊಂಡು, ಗುರುತಿನವರಿಲ್ಲದ ದೂರದ ಊರುಗಳಿಗೆ ಹೋಗಿ ಭಿಕ್ಷೆ ಬೇಡುತ್ತಿದ್ದರು. ಉಳಿದವರು ಸಾಹುಕಾರನಿಂದ ಓಟ್ಸ್ ಹಿಟ್ಟನ್ನು ಸಾಲ ತರುತ್ತಿದ್ದರು. ಸುಮಾರು 30 ಲಕ್ಷ ಜನ ಈ ರೀತಿ ಒಂದೇ ಗೆಡ್ಡೆಯ ಮೇಲೆ ನಿಂತಿದ್ದಾಗ ರೋಗ ಬಂತು.

ಉತ್ತರ: ಮುಳಬಾಗಿಲು ಟೊಮೆಟೊ ಬೆಳೆಗಾರ

ಆ ರೋಗ ನಮಗೆ ಅಪರಿಚಿತವಲ್ಲ ಎಂಬುದನ್ನು ಸೇರಿಸಲು ಬಯಸುತ್ತೇನೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಆಲೂಗೆಡ್ಡೆ, ಟೊಮೆಟೊ ಬೆಳೆಗಾರರು ಅಂಗಮಾರಿ ಎಂದು ಕರೆಯುವ ರೋಗದಲ್ಲಿ ಮೋಡ ಮುಸುಕಿದ ತಂಪು ದಿನಗಳಲ್ಲಿ ಬರುವ ಒಂದು ಬಗೆಯಿದೆ. ಐರ್ಲೆಂಡಿನ ಹೊಲಗಳನ್ನು ನಾಶ ಮಾಡಿದ್ದು ಅದೇ ಜೀವಿ, ಫೈಟಾಫ್ತೊರ ಇನ್‌ಫೆಸ್ಟನ್ಸ್. ಎಲೆಯ ಅಂಚಿನಲ್ಲಿ ನೀರು ತಾಗಿದಂತಹ ಕಲೆ ಮೂಡಿ, ಕಪ್ಪಾಗಿ, ಎಲೆಯ ಕೆಳಭಾಗದಲ್ಲಿ ಬಿಳಿಯ ಬೂಷ್ಟು ಕಾಣಿಸಿಕೊಂಡ ಮೇಲೆ, ತುಂತುರು ಮಳೆ ಮತ್ತು ಮಂಜು ಹಾಗೆಯೇ ಮುಂದುವರಿದರೆ ಇಡೀ ತಾಕು ಕೆಲವೇ ದಿನಗಳಲ್ಲಿ ಬೇಯಿಸಿ ಹಾಕಿದಂತೆ ಜೋತುಬೀಳುತ್ತದೆ. ಬೀಜಕಣಗಳು ಗಾಳಿಯಲ್ಲಿ ಪಕ್ಕದ ಹೊಲಕ್ಕೆ ಹಾರುತ್ತವೆ. ಮಳೆನೀರಿನೊಂದಿಗೆ ಮಣ್ಣಿಗೆ ಇಳಿದು ಗೆಡ್ಡೆಯನ್ನೂ ಕೊಳೆಸುತ್ತವೆ. ಅಟ್ಲಾಂಟಿಕ್ ಸಾಗರದ ತೇವದ ಗಾಳಿ ಸದಾ ಬೀಸುವ ಐರ್ಲೆಂಡಿನಂತಹ ನೆಲ ಈ ರೋಗಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ದೊಡ್ಡ ಕಾರಣವೆಂದರೆ ತಳಿ. ಬಡವರ ಹೊಲಗಳಲ್ಲಿ ಇದ್ದದ್ದು ಬಹುಪಾಲು ಲಂಪರ್ ಎಂಬ ಒಂದೇ ತಳಿ. ಅದು ಕಳಪೆ ನೆಲದಲ್ಲೂ ಹೆಚ್ಚು ಇಳುವರಿ ಕೊಡುತ್ತಿತ್ತು. ಆಲೂಗೆಡ್ಡೆಯನ್ನು ಗೆಡ್ಡೆಯಿಂದಲೇ ಬಿತ್ತುವುದರಿಂದ ದೇಶದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಆ ತಳಿಯ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳಿದ್ದ ಹಾಗೆ. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ. 1845ರ ಶರತ್ಕಾಲದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳೆ ಹೋಯಿತು. 1846ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋಯಿತು. ಪಾನನಿಷೇಧದ ಪ್ರಚಾರಕ್ಕಾಗಿ ಪ್ರಸಿದ್ಧರಾಗಿದ್ದ ಪಾದ್ರಿ ಥಿಯೊಬಾಲ್ಡ್ ಮ್ಯಾಥ್ಯೂ ಆ ಜುಲೈ 27ರಂದು ಕಾರ್ಕ್‌ನಿಂದ ಡಬ್ಲಿನ್‌ಗೆ ಹೋಗುವಾಗ ದಾರಿಯುದ್ದಕ್ಕೂ ಹೂ ಬಿಟ್ಟ ಸಮೃದ್ಧ ಬೆಳೆಯನ್ನು ಕಂಡಿದ್ದರು. ಆಗಸ್ಟ್ 3ರಂದು ಅದೇ ದಾರಿಯಲ್ಲಿ ಮರಳುವಾಗ ಕಂಡದ್ದು ಕೊಳೆತ ಗಿಡಗಳು ಮತ್ತು ಬೇಲಿಗಳ ಮೇಲೆ ಕುಳಿತು ಅಳುತ್ತಿದ್ದ ಜನ. 1847ರಲ್ಲಿ ರೋಗ ಕಡಿಮೆ ಇದ್ದರೂ ಬಿತ್ತನೆಯ ಗೆಡ್ಡೆಯನ್ನೂ ಜನ ತಿಂದು ಮುಗಿಸಿದ್ದರಿಂದ ಬೆಳೆಯೇ ಸ್ವಲ್ಪ. 1848ರಲ್ಲಿ ರೋಗ ಮತ್ತೆ ಬಂತು.

ನಮ್ಮ ಕೈಯಲ್ಲಿ ಈಗ ಸಿಂಪಡಿಸುವ ಔಷಧಿಗಳಾದ ಮ್ಯಾಂಕೋಜೆಬ್ ಇದೆ, ಬೋರ್ಡೋ ದ್ರಾವಣ ಇದೆ. ಅವರಿಗೆ ರೋಗದ ಕಾರಣವೇ ತಿಳಿದಿರಲಿಲ್ಲ. ಕೆಟ್ಟ ಹವೆ ಎಂದು ಕೆಲವರು, ಗಾಳಿಯಲ್ಲಿನ ವಿದ್ಯುತ್ ಎಂದು ಕೆಲವರು ವಾದಿಸುತ್ತಿದ್ದರು. ಇಂಗ್ಲೆಂಡಿನ ಪಾದ್ರಿ ಹಾಗೂ ಸಸ್ಯವಿಜ್ಞಾನಿ ಮೈಲ್ಸ್ ಬರ್ಕ್ಲಿ 1846ರಲ್ಲೇ ಇದು ಶಿಲೀಂಧ್ರದ ಕೆಲಸವೆಂದು ಬರೆದರೂ ಅನೇಕರು ಒಪ್ಪಲಿಲ್ಲ. ಜರ್ಮನಿಯ ಆಂಟನ್ ಡಿ ಬಾರಿ ಅದನ್ನು ಪ್ರಯೋಗದಿಂದ ತೋರಿಸಿಕೊಟ್ಟದ್ದು 1861ರಲ್ಲಿ, ಬೋರ್ಡೋ ದ್ರಾವಣ ಬಳಕೆಗೆ ಬಂದದ್ದು 1880ರ ದಶಕದಲ್ಲಿ. ಆ ಜನ ಅಷ್ಟು ಹೊತ್ತಿಗೆ ಮಣ್ಣಾಗಿದ್ದರು.

ಚಿಂತಾಮಣಿ ಮೇಷ್ಟ್ರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಸಮುದ್ರದಲ್ಲಿ ಮೀನಿರುವಾಗ ಅದನ್ನು ಹಿಡಿದು ಬದುಕಬಹುದಿತ್ತಲ್ಲವೇ? ಹಾಗೆಯೇ, ಅಂದು ಜಗತ್ತಿನಲ್ಲೇ ಶ್ರೀಮಂತವಾಗಿದ್ದ ಬ್ರಿಟಿಷ್ ಸರ್ಕಾರ ಏನು ಮಾಡುತ್ತಿತ್ತು?

ಉತ್ತರ: ಗೌರಿಬಿದನೂರು

ಮೀನಿನ ಬಗ್ಗೆ ಮಾತ್ರ ಹೇಳುತ್ತೇನೆ. ಪಶ್ಚಿಮ ಕರಾವಳಿಯ ಬಡವರ ಬಳಿ ಇದ್ದದ್ದು ಮರದ ಚೌಕಟ್ಟಿಗೆ ತೊಗಲು ಅಥವಾ ಟಾರು ಬಳಿದ ಬಟ್ಟೆ ಹೊದಿಸಿದ ಕರಾಕ್ ಎಂಬ ಹಗುರ ದೋಣಿ. ಅಬ್ಬರದ ಅಟ್ಲಾಂಟಿಕ್‌ನಲ್ಲಿ ದೂರ ಹೋಗಿ ಮೀನು ಹಿಡಿಯುವುದಕ್ಕೆ ಅದು ಸಾಲದು. ಸರಿಯಾದ ಬಂದರುಗಳು ಕಡಿಮೆ, ಹಿಡಿದದ್ದನ್ನು ಕೆಡದಂತೆ ಇಡಲು ಉಪ್ಪಿಗೂ ಹಣ ಬೇಕು. ಗಾಲ್ವೇ ಪಟ್ಟಣದ ಪಕ್ಕದಲ್ಲಿ ಕ್ಲಾಡಾ ಎಂಬ ಮೀನುಗಾರರ ಕೇರಿ ಇತ್ತು. ಕಸುಬು ಬಲ್ಲ ಅಲ್ಲಿನವರೇ ಹಸಿವು ತಡೆಯಲಾರದೆ ಬಲೆಗಳನ್ನು ಒತ್ತೆ ಇಟ್ಟು ಹಿಟ್ಟು ತಂದರು. ಬಲೆ ಹೋದ ಮೇಲೆ ಸಮುದ್ರ ಹತ್ತಿರವಿದ್ದೂ ಉಪಯೋಗಕ್ಕೆ ಬರಲಿಲ್ಲ.

ಉತ್ತರ: ಕೋಲಾರ ಇತಿಹಾಸ ಅಧ್ಯಯನ

ಮೇಷ್ಟ್ರೇ, ಸರ್ಕಾರದ ವಿಷಯ ಸ್ವಲ್ಪ ದೀರ್ಘವಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಮೊದಲ ವರ್ಷ ಪ್ರಧಾನಿ ರಾಬರ್ಟ್ ಪೀಲ್ ಅಮೆರಿಕದಿಂದ ಸುಮಾರು 1 ಲಕ್ಷ ಪೌಂಡ್ ಬೆಲೆಯ ಮುಸುಕಿನ ಜೋಳ ತರಿಸಿದರು. ಆ ಗಟ್ಟಿ ಕಾಳನ್ನು ಬೀಸುವ, ಬೇಯಿಸುವ ರೀತಿ ಜನರಿಗೆ ಗೊತ್ತಿರಲಿಲ್ಲ. ಅರೆಬೆಂದದ್ದನ್ನು ತಿಂದು ಹೊಟ್ಟೆ ಕೆಡಿಸಿಕೊಂಡವರು ಅನೇಕರು. ಆದರೂ ಆ ವರ್ಷ ಸಾವು ಹೆಚ್ಚಾಗಲಿಲ್ಲ. 1846ರ ಬೇಸಿಗೆಯಲ್ಲಿ ಪೀಲ್ ಅಧಿಕಾರ ಕಳೆದುಕೊಂಡು ಜಾನ್ ರಸೆಲ್ ಬಂದರು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಮಾರುಕಟ್ಟೆ ತಾನೇ ಸರಿದೂಗಿಸುತ್ತದೆ ಎಂಬ ನಂಬಿಕೆ ಈ ಸರ್ಕಾರದಲ್ಲಿ ಬಲವಾಗಿತ್ತು. ಖಜಾನೆಯ ಹಿರಿಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್ ಆ ನಂಬಿಕೆಯನ್ನು ಕಟ್ಟುನಿಟ್ಟಾಗಿ ನಡೆಸಿದರು. ಪರಿಣಾಮವಾಗಿ, ಹಸಿದ ಊರುಗಳ ನಡುವಿನಿಂದಲೇ ಓಟ್ಸ್ ಗಾಡಿಗಳು ಸೈನಿಕರ ಕಾವಲಿನಲ್ಲಿ ಬಂದರಿಗೆ ಸಾಗಿದವು. 1847ರಲ್ಲಿ ಹೊರಗೆ ಹೋದದ್ದಕ್ಕಿಂತ ಹೆಚ್ಚು ಧಾನ್ಯ ಒಳಗೆ ಬಂತೆಂಬುದೂ ನಿಜ. ಆದರೆ 1846ರ ಕೊನೆಯ ತಿಂಗಳುಗಳಲ್ಲಿ, ಆಮದು ಇನ್ನೂ ತಲುಪದೆ ಇದ್ದಾಗ, ಇದ್ದ ಧಾನ್ಯವನ್ನು ತಡೆದು ನಿಲ್ಲಿಸದೆ ಹೋದದ್ದನ್ನು ನಾನು ಕ್ಷಮಿಸಲಾರೆ.

ಪರಿಹಾರವೆಂದು ಕೊಟ್ಟದ್ದು ಕಲ್ಲು ಒಡೆಯುವ, ರಸ್ತೆ ಹಾಕುವ ಕೂಲಿ. 1847ರ ಮಾರ್ಚ್‌ನಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಈ ಕಾಮಗಾರಿಗಳಲ್ಲಿದ್ದರು. ಕಡು ಚಳಿಯಲ್ಲಿ ಮೈಮೇಲೆ ಸರಿಯಾದ ಬಟ್ಟೆಯಿಲ್ಲದೆ ದುಡಿದರೂ ಆ ಕೂಲಿಯಿಂದ ಮನೆಮಂದಿಗೆ ಸಾಕಾಗುವಷ್ಟು ಹಿಟ್ಟು ಬರುತ್ತಿರಲಿಲ್ಲ, ಕೂಲಿಯೂ ಎಷ್ಟೋ ಕಡೆ ತಡವಾಗಿ ಕೈಸೇರುತ್ತಿತ್ತು. ಅನಂತರ ಗಂಜಿಕೇಂದ್ರಗಳನ್ನು ತೆರೆದರು. 1847ರ ಜುಲೈ ಹೊತ್ತಿಗೆ ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಊಟ ಸಿಕ್ಕಿತು. ಮನಸ್ಸು ಮಾಡಿದ್ದರೆ ಆ ಸರ್ಕಾರಕ್ಕೆ ಸಾಧ್ಯವಿತ್ತು ಎಂಬುದಕ್ಕೆ ಈ ಗಂಜಿಕೇಂದ್ರಗಳೇ ಸಾಕ್ಷಿ. ಕೆಲವೇ ತಿಂಗಳಲ್ಲಿ ಅವನ್ನು ಮುಚ್ಚಿ, ಖರ್ಚನ್ನೆಲ್ಲ ಐರ್ಲೆಂಡಿನ ಸ್ಥಳೀಯ ತೆರಿಗೆಯ ಮೇಲೆ ಹೊರಿಸಿದರು. ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವರು ಅದನ್ನು ಬಿಟ್ಟುಕೊಡದ ಹೊರತು ಪರಿಹಾರವಿಲ್ಲ ಎಂಬ ನಿಯಮ ಬಂತು. ಒಂದು ಹೊತ್ತಿನ ಗಂಜಿಗಾಗಿ ನೆಲ ಬಿಟ್ಟವರಿಗೆ ಮುಂದಿನ ವರ್ಷ ಬಿತ್ತಲು ಜಾಗವೇ ಇರಲಿಲ್ಲ. 1849ರಿಂದ 1854ರವರೆಗೆ ಪೊಲೀಸರ ಲೆಕ್ಕದಲ್ಲೇ ಸುಮಾರು 2.5 ಲಕ್ಷ ಜನರನ್ನು ಒಕ್ಕಲೆಬ್ಬಿಸಲಾಯಿತು. ಮತ್ತೆ ಬಂದು ಸೇರಿಕೊಳ್ಳದಿರಲೆಂದು ಗುಡಿಸಲಿನ ಸೂರನ್ನು ಅವರ ಕಣ್ಣೆದುರೇ ಕೆಡವುತ್ತಿದ್ದರು. ಆ ಜನ ನೆಲದಲ್ಲಿ ಗುಂಡಿ ತೋಡಿ, ಮೇಲೆ ಕಡ್ಡಿ ಮತ್ತು ಹುಲ್ಲುಹೆಂಟೆ ಹೊದಿಸಿ ಬದುಕಿದರು. ಕೊನೆಯ ಆಸರೆಯಾದ, ನಿರ್ಗತಿಕರನ್ನು ದುಡಿಸಿಕೊಂಡು ಊಟ ಹಾಕುವ ವರ್ಕ್‌ಹೌಸ್‌ಗಳಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಅಂಕಣಗಳಲ್ಲಿ ಇಡುತ್ತಿದ್ದರು. ಸತ್ತವರಲ್ಲಿ ಬಹುಪಾಲು ಜನರನ್ನು ಕೊನೆಗೆ ಕೊಂದದ್ದು ಸನ್ನಿಜ್ವರ, ಭೇದಿಯಂತಹ ಕಾಯಿಲೆಗಳು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಧಾತು ಈಶ್ವರ ಸಂವತ್ಸರಗಳ ಬರ ನೆನಪಾಗುತ್ತದೆ. 1876ರಿಂದ 1878ರ ಆ ಬರದಲ್ಲಿ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದ ಮೈಸೂರು ಸೀಮೆಯ ಜನಸಂಖ್ಯೆ 1871ರ 50.55 ಲಕ್ಷದಿಂದ 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ಕೋಲಾರ, ತುಮಕೂರು ಜಿಲ್ಲೆಗಳು ತೀವ್ರವಾಗಿ ನಲುಗಿದವು. ಇಲ್ಲಿ ಕಾರಣ ಮಳೆ ಬಾರದ್ದು, ಅಲ್ಲಿ ಬೆಳೆರೋಗ. ಆದರೆ ವ್ಯಾಪಾರಕ್ಕೆ ಅಡ್ಡಬರಬಾರದೆಂಬ ತತ್ವ, ಸವೆದ ದೇಹಗಳಿಂದ ಮಣ್ಣು ಕಲ್ಲು ಹೊರಿಸುವ ಪರಿಹಾರ ಎರಡೂ ಕಡೆ ಒಂದೇ. ಟ್ರೆವೆಲ್ಯನ್ ತಮ್ಮ ಉದ್ಯೋಗ ಆರಂಭಿಸಿದ್ದೂ ಭಾರತದಲ್ಲಿ, ಮುಂದೆ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದದ್ದೂ ಅವರೇ. ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಿ: ಐರ್ಲೆಂಡಿನ ಹಸಿದವರಿಗಾಗಿ ಹೊರದೇಶಗಳಿಂದ ಮೊದಮೊದಲು ಹೋದ ದೊಡ್ಡ ದೇಣಿಗೆಗಳಲ್ಲಿ ಒಂದು ಕಲ್ಕತ್ತೆಯಲ್ಲಿ ಸಂಗ್ರಹವಾದದ್ದು.

ಉತ್ತರ: ಕೆ.ಜಿ.ಎಫ್. ನಿವಾಸಿ

ದೇಶ ಬಿಟ್ಟವರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಎರಡು ಮಾತು. 1847ರಲ್ಲಿ ಕೆನಡಾಕ್ಕೆ ಹೊರಟ ಹಡಗುಗಳಲ್ಲಿ ಜನರನ್ನು ಕಿಕ್ಕಿರಿದು ತುಂಬಿದ್ದರಿಂದ ದಾರಿಯಲ್ಲೇ ಸನ್ನಿಜ್ವರ ಹರಡಿತು. ಕ್ವಿಬೆಕ್ ಬಳಿಯ ಗ್ರಾಸ್ ಐಲ್ ಎಂಬ ದ್ವೀಪದಲ್ಲಿ ಆ ಒಂದು ವರ್ಷ 5,000ಕ್ಕೂ ಹೆಚ್ಚು ಜನರನ್ನು ಹೂಳಲಾಯಿತು. 1848ರಿಂದ 1850ರ ನಡುವೆ ವರ್ಕ್‌ಹೌಸ್‌ಗಳಲ್ಲಿದ್ದ 4,000ಕ್ಕೂ ಹೆಚ್ಚು ಅನಾಥ ಹೆಣ್ಣುಮಕ್ಕಳನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಿದರು. ಮುಂದಿನ ದಶಕಗಳಲ್ಲಿ ಅಮೆರಿಕದ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡಿದ ಐರಿಷ್ ಹುಡುಗಿಯರು ಕಳುಹಿಸಿದ ಹಣದಿಂದ ಊರಿನಲ್ಲಿ ಗೇಣಿ ಸಂದಾಯವಾಯಿತು, ತಮ್ಮ ತಂಗಿಯರಿಗೆ ಹಡಗಿನ ಟಿಕೆಟ್ ಬಂತು. ಮಗನೋ ಮಗಳೋ ಹೊರಡುವ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ಸೇರಿ, ಸತ್ತವರ ಮನೆಯಲ್ಲಿ ಜಾಗರಣೆ ಮಾಡುವ ಹಾಗೆಯೇ, ಬೆಳಗಿನವರೆಗೆ ಕೂರುತ್ತಿದ್ದರು. ಮತ್ತೆ ನೋಡುವ ಭರವಸೆ ಅವರಿಗಿರಲಿಲ್ಲ.

ಇನ್ನು ಕೆಲವರಿಗೆ ದಾರಿಯಾದದ್ದು ಬ್ರಿಟಿಷ್ ಸೈನ್ಯ. ನಮ್ಮ ಊರಿನ ಚಿನ್ನದ ಗಣಿಯ ಕಥೆ ಆರಂಭವಾಗುವುದು ಅಂತಹ ಒಬ್ಬ ಐರಿಷ್ ಸೈನಿಕನಿಂದ. ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೇಲ್ ಫಿಟ್ಸ್‌ಜೆರಾಲ್ಡ್ ಲ್ಯಾವೆಲ್ ಎತ್ತಿನಗಾಡಿಯಲ್ಲಿ ಕೋಲಾರದ ಕಡೆ ಬಂದು, 1875ರಲ್ಲಿ ಗಣಿ ತೋಡುವ ಪರವಾನಗಿ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಅವನದೇ ಹೆಸರು.

ಚಿಂತಾಮಣಿ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಕೋಲಾರದ ಮೇಡಂ ಅವರು ಹೇಳಿದ ಕಾಲು ಎಕರೆಯ ನಿಯಮವನ್ನು ತರಗತಿಯಲ್ಲಿ ವಿವರಿಸಿದೆ. ಮಕ್ಕಳು ತುಂಬಾ ಹೊತ್ತು ಚರ್ಚಿಸಿದರು. ಆ ಗೇಣಿ ಪದ್ಧತಿ ಕೊನೆಗೆ ಹೋಯಿತೇ, ನಮ್ಮಲ್ಲಿ ಆದಂತೆ ಉಳುವವನಿಗೆ ಭೂಮಿ ಬಂತೇ ಎಂದು ಅವರೇ ಕೇಳಿದ್ದಾರೆ. ತುಮಕೂರಿನ ಹಿರಿಯರು ತಿಳಿಸಬೇಕು.

ಉತ್ತರ: ತುಮಕೂರು ಹಳೆಯ ಓದುಗ

ಬಂತು ಮೇಷ್ಟ್ರೇ, ಆದರೆ ಅರ್ಧ ಶತಮಾನ ಹಿಡಿಯಿತು. ಬಾಲ್ಯದಲ್ಲೇ ತನ್ನ ಕುಟುಂಬ ಒಕ್ಕಲೆದ್ದುದನ್ನು ಕಂಡ ಮೈಕೇಲ್ ಡೇವಿಟ್ 1879ರಲ್ಲಿ ಮೇಯೊ ಜಿಲ್ಲೆಯಲ್ಲಿ ಭೂಸಂಘವನ್ನು ಕಟ್ಟಿದರು. ಅನ್ಯಾಯದ ಗೇಣಿ ಕೊಡಬಾರದು, ಒಕ್ಕಲೆಬ್ಬಿಸಿದ ಜಮೀನನ್ನು ಬೇರೆ ಯಾರೂ ಹಿಡಿಯಬಾರದು ಎಂಬುದು ಸಂಘದ ಕಟ್ಟಳೆ. 1880ರಲ್ಲಿ ಅದೇ ಜಿಲ್ಲೆಯಲ್ಲಿ ಚಾರ್ಲ್ಸ್ ಬಾಯ್ಕಾಟ್ ಎಂಬ ಜಮೀನ್ದಾರಿ ಏಜೆಂಟನಿಗೆ ಆಳು ಹೋಗಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ. ಅವನ ಬೆಳೆ ಕೊಯ್ಯಲು ಹೊರಗಿನಿಂದ ಕೂಲಿಗಳನ್ನು ಸೈನ್ಯದ ಕಾವಲಿನಲ್ಲಿ ಕರೆತರಬೇಕಾಯಿತು. 1881ರ ಕಾನೂನು ನ್ಯಾಯವಾದ ಗೇಣಿಯನ್ನು ನಿಗದಿಪಡಿಸಲು ನ್ಯಾಯಾಲಯಗಳನ್ನು ಸ್ಥಾಪಿಸಿತು. 1903ರ ವಿಂಡಮ್ ಕಾನೂನಿನಡಿ ಸರ್ಕಾರವೇ ಸಾಲ ಕೊಟ್ಟು ಗೇಣಿದಾರರಿಂದ ಜಮೀನು ಕೊಳ್ಳಿಸಿತು. ಸಾಲ ತೀರಿಸುವ ಅವಧಿ 68½ ವರ್ಷ. ನಮ್ಮ ರಾಜ್ಯದ 1974ರ ತಿದ್ದುಪಡಿಯಂತೆ ಗೇಣಿಯನ್ನೇ ರದ್ದು ಮಾಡಿ ಉಳುವವನನ್ನು ಒಡೆಯನನ್ನಾಗಿ ಘೋಷಿಸಿದ ಕ್ರಮ ಅದಲ್ಲ. ಅಲ್ಲಿನ ಜಮೀನ್ದಾರನಿಗೆ ಪೂರ್ತಿ ಬೆಲೆಯ ಜೊತೆಗೆ ಸರ್ಕಾರದಿಂದ ಪ್ರೋತ್ಸಾಹಧನವೂ ದೊರೆಯಿತು.

ಮಕ್ಕಳು ಗಮನಿಸಬೇಕಾದ ಒಂದು ಅಂಶವಿದೆ. ಕ್ಷಾಮದಲ್ಲಿ ಅತಿ ಹೆಚ್ಚು ಸತ್ತದ್ದು ಕಾಟಿಯರರು ಮತ್ತು ಕೂಲಿಗಳು. ಈ ಕಾನೂನುಗಳಿಂದ ಭೂಮಿ ಪಡೆದದ್ದು ಗೇಣಿ ಹಿಡಿದಿದ್ದ ರೈತರು. ಸ್ವಂತಕ್ಕೆ ಗೇಣಿಯ ನೆಲವೂ ಇಲ್ಲದಿದ್ದ ಕೂಲಿಕಾರರಿಗಾಗಿ 1883ರಿಂದ ಪ್ರತ್ಯೇಕ ಕಾನೂನುಗಳನ್ನು ಮಾಡಿ, ಸ್ಥಳೀಯ ಆಡಳಿತಗಳು ಸಾವಿರಾರು ಪುಟ್ಟ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟವು. ಪ್ರತಿ ಮನೆಯ ಜೊತೆಗೆ ಮೊದಲು ಅರ್ಧ ಎಕರೆ, ಆಮೇಲೆ ಒಂದು ಎಕರೆಯವರೆಗೆ ತೋಟದ ಜಾಗ ಕೊಡಲು ಅವಕಾಶವಿತ್ತು.